ಎಳೆಯದೆ ಹಿಡಿದ ಹಗ್ಗ

ಕೋವಿಡ್ ಮುಗಿದು ಜನ ಮತ್ತೆ ಊರೂರು ತಿರುಗಲು ಶುರುಮಾಡಿದ್ದ ಕಾಲ. ನಾನು ಉಡುಪಿಯಲ್ಲಿ ಅಗ್ನಿಶಾಮಕ ಠಾಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಹುಟ್ಟಿದ್ದು ಹಾವೇರಿ ಕಡೆಯಾದರೂ ಸರ್ವೀಸಿನ ಬಹುಪಾಲು ಕರಾವಳಿಯಲ್ಲೇ ಕಳೆದು, ಕಡಿಯಾಳಿಯ ಬಾಡಿಗೆ ಮನೆಯೇ ಸ್ವಂತ ಮನೆ ಎಂಬಂತಾಗಿತ್ತು. ತುಳು ಚೆನ್ನಾಗಿ ಅರ್ಥವಾಗುತ್ತಿತ್ತು. ಆಡಲು ಹೋದರೆ ಠಾಣೆಯ ಹುಡುಗರು ಮುಖ ತಿರುಗಿಸಿ ನಗುತ್ತಿದ್ದರು, ಹಾಗಾಗಿ ಆಡುವುದನ್ನೇ ಬಿಟ್ಟಿದ್ದೆ.

ಫೆಬ್ರವರಿ ಎಂದರೆ ನಮಗೆ ಹುಲ್ಲಿನ ಬೆಂಕಿಯ ತಿಂಗಳು. ಮಣಿಪಾಲದ ಗುಡ್ಡ, ಪರ್ಕಳದ ಆಚೆಯ ಖಾಲಿ ಸೈಟುಗಳು, ಕಾರ್ಕಳದ ದಾರಿಯುದ್ದದ ಕೆಂಪು ಮುರಕಲ್ಲಿನ ಬಯಲು, ಎಲ್ಲೆಂದರಲ್ಲಿ ಸೊಂಟದೆತ್ತರ ಒಣಹುಲ್ಲು. ಯಾರೋ ಬೀಡಿ ಎಸೆಯುತ್ತಾರೆ, ಯಾರೋ ಕಸಕ್ಕೆ ಬೆಂಕಿ ಕೊಟ್ಟು ಊಟಕ್ಕೆ ಹೋಗುತ್ತಾರೆ. ನಾವು ಹೋಗಿ ಸೊಪ್ಪಿನಿಂದ ಬಡಿಯುತ್ತೇವೆ. ಲಾರಿ ಹೋಗದ ಕಡೆ ನೀರೂ ಹೋಗುವುದಿಲ್ಲವಾದ್ದರಿಂದ ಸೊಪ್ಪೇ ಗತಿ. ಆ ವಾರ ಪೂರ್ತಿ ನಮಗೆ ಇದೇ ಕೆಲಸ. ಮೈಗೆ ಹತ್ತಿದ ಹೊಗೆಯ ವಾಸನೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಐವತ್ತೊಂಬತ್ತರ ಮಂಡಿಗಳು ಗುಡ್ಡ ಏರುವಾಗ ಒಂದು ಮಾತು ಹೇಳಿದರೆ ಇಳಿಯುವಾಗ ಇನ್ನೊಂದು ಹೇಳುತ್ತಿದ್ದವು. ನನಗೆ ಸಾಕಾಗಿತ್ತು ಎಂದು ನೇರವಾಗಿಯೇ ಹೇಳುತ್ತೇನೆ. ಜನರ ಮೇಲೆ ಸಿಟ್ಟು ಬರುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಅಂದು ಮಧ್ಯಾಹ್ನ ಕಾರ್ಕಳ ರಸ್ತೆಯ ಒಂದು ಬೆಂಕಿ ಮುಗಿಸಿ ಠಾಣೆಗೆ ಬಂದು, ಲಾರಿಯ ಟ್ಯಾಂಕಿಗೆ ನೀರು ತುಂಬಿಸಿ, ಗಂಜಿಗೆ ಕೈ ಹಾಕಿದ್ದೆ. ಫೋನು ಬಂತು. ಕಾಪುವಿನ ಹತ್ತಿರ ಹಿನ್ನೀರಿನ ಕೆಸರಿನಲ್ಲಿ ಬೈಕ್ ಸಿಕ್ಕಿಕೊಂಡಿದೆಯಂತೆ. ಬೈಕ್ ಎತ್ತಲು ಅಗ್ನಿಶಾಮಕ ದಳ ಯಾಕೆ, ಕ್ರೇನಿನವರಿಗೆ ಹೇಳಬಾರದೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಆ ಕಡೆಯ ಧ್ವನಿ, "ಬೈಕಿನ ಅಡಿಯಲ್ಲಿ ಜನ ಉಂಟು ಸರ್, ನೀರು ಏರ್ಲಿಕ್ಕೆ ಶುರುವಾಗಿದೆ" ಎಂದಿತು. ಗಂಜಿ ಹಾಗೇ ಉಳಿಯಿತು.

ಕಾಪುವಿನ ಸುತ್ತ ಒಂದು ಕಡೆ ನದಿ ಸಮುದ್ರಕ್ಕೆ ಸೇರುವ ಮೊದಲು ಅದರ ಪಕ್ಕದಲ್ಲೇ ಬಹುದೂರ ಹರಿಯುತ್ತದೆ. ಒಂದು ಬದಿಗೆ ಸಮುದ್ರ, ನಡುವೆ ಮರಳಿನ ಪಟ್ಟಿ, ಇನ್ನೊಂದು ಬದಿಗೆ ಹೊಳೆ. ಉಬ್ಬರದಲ್ಲಿ ಹೊಳೆ ತುಂಬುತ್ತದೆ, ಇಳಿತದಲ್ಲಿ ಅಂಚಿನ ಕೆಸರು ಬಯಲಿನಂತೆ ತೆರೆದುಕೊಳ್ಳುತ್ತದೆ. ಬೇಸಿಗೆಯ ಬಿಸಿಲಿಗೆ ಆ ಕೆಸರಿನ ಮೇಲ್ಪದರ ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿರುತ್ತದೆ. ಅದರ ಕೆಳಗೆ ಇರುವುದು ದೋಸೆಹಿಟ್ಟು. ಊರವರು ಅತ್ತ ಕಾಲು ಹಾಕುವುದಿಲ್ಲ. ಹೊರಗಿನವರಿಗೆ ಅದು ಒಳ್ಳೆಯ ಮೈದಾನದಂತೆ ಕಾಣುತ್ತದೆ.

ಮರಳಿನ ಪಟ್ಟಿಯ ಮೇಲೆ ಸಂತೋಷ ಎಂಬ ಯುವಕ ಕ್ವಾಡ್ ಬೈಕುಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಕ್ವಾಡ್ ಬೈಕ್ ಎಂದರೆ ನಾಲ್ಕು ದಪ್ಪ ಚಕ್ರಗಳ ಮೇಲೆ ಬೈಕಿನ ಸೀಟು, ಬೈಕಿನ ಹ್ಯಾಂಡಲ್ ಇರುವ ವಾಹನ. ಮರಳಿನಲ್ಲಿ, ಕಲ್ಲಿನಲ್ಲಿ, ತೆಳು ಕೆಸರಿನಲ್ಲಿ ಸಲೀಸಾಗಿ ಓಡುತ್ತದೆ. ಓಡುತ್ತದೆ ಎಂಬ ಧೈರ್ಯದಿಂದಲೇ ಜನ ಅದನ್ನು ಆಳದ ಕೆಸರಿಗೂ ಇಳಿಸುತ್ತಾರೆ. ಒಮ್ಮೆ ಸಿಕ್ಕಿಕೊಂಡರೆ ಸುಮಾರು ಮುನ್ನೂರು ಕಿಲೋ ಭಾರ. ಗಾಬರಿಯಿಂದ ಆಕ್ಸಿಲರೇಟರ್ ತಿರುಗಿಸಿದಷ್ಟೂ ಚಕ್ರಗಳು ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳುತ್ತವೆ.

ನಾವು ಹೋಗಿ ಮುಟ್ಟುವಷ್ಟರಲ್ಲಿ ನಡೆದದ್ದು ಇಷ್ಟು. ಪ್ರವಾಸಕ್ಕೆ ಬಂದ ಗಂಡ ಹೆಂಡತಿ ಒಂದು ಬೈಕು ಪಡೆದು, ಸಂತೋಷ ನೆಟ್ಟಿದ್ದ ಕೆಂಪು ಬಾವುಟಗಳನ್ನು ದಾಟಿ ಕೆಸರಿಗೆ ಇಳಿದಿದ್ದಾರೆ. ಬೈಕು ಸಿಕ್ಕಿಕೊಂಡಿದೆ. ಸಂತೋಷ ಇನ್ನೊಂದು ಬೈಕಿನಲ್ಲಿ ಹೋಗಿ, ಅವರಿಬ್ಬರನ್ನು ಇಳಿಸಿ ಮರಳಿಗೆ ಕಳುಹಿಸಿ, ಸಿಕ್ಕಿಕೊಂಡ ಬೈಕಿಗೆ ಹಗ್ಗ ಕಟ್ಟಿ ಎಳೆಯಲು ನೋಡಿದ್ದಾನೆ. ಎಳೆಯುವ ಬೈಕಿನ ಹಿಂದಿನ ಚಕ್ರಗಳು ಹೂತು, ಮುಂಭಾಗ ಮೇಲೆದ್ದು, ಅದು ಎಡಕ್ಕೆ ಮಗುಚಿದೆ. ಅವನ ಎಡಗಾಲು ಅಡಿಗೆ ಹೋಗಿದೆ. ಗಂಡ ಹೆಂಡತಿ ಮೈಯೆಲ್ಲ ಕೆಸರಾಗಿ ಮರಳಿನ ಮೇಲೆ ಕೂತಿದ್ದರು. ಗಂಡ ಯಾರ್‍ಯಾರಿಗೋ ಫೋನಿನಲ್ಲಿ, ತಾವು ಬಾವುಟ ನೋಡಲೇ ಇಲ್ಲ ಎಂದು ಹೇಳುತ್ತಲೇ ಇದ್ದ. ನನಗೆ ಅವನ ಹತ್ತಿರ ಮಾತಾಡುವ ಮನಸ್ಸಾಗಲಿಲ್ಲ.

ಸಂತೋಷ ದಡದಿಂದ ಐವತ್ತು ಮೀಟರಿನಷ್ಟು ಒಳಗಿದ್ದ. ಹಿಂದಕ್ಕೆ ವಾಲಿ, ಎರಡೂ ಕೈಗಳನ್ನು ಕೆಸರಿನ ಮೇಲೆ ಅಗಲಿಸಿ, ಸೊಂಟದವರೆಗೆ ಹೂತುಹೋಗಿದ್ದ. ಅವನ ಎದೆಗೆ, ಕಂಕುಳ ಕೆಳಗೆ, ದಪ್ಪ ಹಗ್ಗ ಬಿಗಿದಿತ್ತು. ಆ ಹಗ್ಗದ ಇನ್ನೊಂದು ತುದಿಯಲ್ಲಿ, ಮರಳಿನ ಮೇಲೆ, ಸಾಲಾಗಿ ಐವತ್ತು ಜನ ನಿಂತಿದ್ದರು.

ಅವರು ಕೈರಂಪಣಿಯವರು. ಕೈರಂಪಣಿ ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಬಲೆಯನ್ನು ಸಮುದ್ರದಲ್ಲಿ ಅರ್ಧಚಂದ್ರದಂತೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತದೆ. ದಾರಿಹೋಕ ಕೈ ಕೊಟ್ಟರೂ ಅವನಿಗೊಂದಿಷ್ಟು ಮೀನು ಸಿಗುತ್ತದೆ. ಹಾಗಾಗಿ ಆ ಊರಿನಲ್ಲಿ ಹಗ್ಗ ಕಂಡರೆ ಕೈ ಹಾಕುವುದು, "ಐಸಾ" ಎಂಬ ಕೂಗು ಕೇಳಿದರೆ ಮೈಯ ಭಾರವೆಲ್ಲ ಹಿಂದಕ್ಕೆ ಹಾಕುವುದು ನಡೆಯಲು ಕಲಿತ ಕಾಲದಿಂದ ಬಂದ ಅಭ್ಯಾಸ. ಅಂದು ಬಲೆ ಎಳೆದು ಮುಗಿಸಿ ಮೀನು ಪಾಲು ಮಾಡುತ್ತಿದ್ದವರು ಸುದ್ದಿ ಕೇಳಿ ಬಲೆಯ ಹಗ್ಗವನ್ನೇ ಬಿಚ್ಚಿಕೊಂಡು ಓಡಿಬಂದಿದ್ದರು. ಬೇರೆ ಊರಿನಲ್ಲಾಗಿದ್ದರೆ ಜನ ಸುತ್ತ ನಿಂತು ವಿಡಿಯೋ ಮಾಡುತ್ತಿದ್ದರು. ಇಲ್ಲಿ ಫೋನು ಹಿಡಿಯಲು ಯಾರಿಗೂ ಕೈ ಬಿಡುವಿರಲಿಲ್ಲ.

ಸಾಲಿನ ಮುಂದೆ ನಿಂತು ಕೂಗು ಕೊಡುವವರು ಶೀನಣ್ಣ. ಅರವತ್ತೈದರ ಮೇಲಿನ ಪ್ರಾಯ, ಬಲೆಯ ತಂಡದ ಯಜಮಾನರು, ಸಂತೋಷನ ತಾಯಿಯ ಅಣ್ಣ. ತುಳುವರಲ್ಲಿ ಸೋದರಮಾವ ಎಂದರೆ ಅಪ್ಪನಿಗಿಂತ ಒಂದು ಮಾತು ಹೆಚ್ಚು. ನಾನು ಲಾರಿಯಿಂದ ಇಳಿಯುವಾಗ ಅವರು ಕೈ ಮೇಲೆತ್ತಿದ್ದರು. ಕೂಗು ಬಾಯಿಗೆ ಬಂದಿತ್ತು.

"ಎಳೀಬೇಡಿ! ಯಾರೂ ಎಳೀಬೇಡಿ!" ಎಂದು ಕಿರುಚಿ ಓಡಿದೆ. ವಿಸಲ್ ಊದಿದೆ. ಹಗ್ಗ ಬಿಗಿಯಾದದ್ದು ಹಾಗೇ ನಿಂತಿತು. ಆದರೆ ಯಾರೂ ಕೈ ಬಿಡಲಿಲ್ಲ.

"ಎಳೆಯದೆ ಮತ್ತೆ ಎಂತ ಮಾಡುದು ಸರ್?" ಎಂದರು ಶೀನಣ್ಣ. "ನೀರು ಏರ್ತಾ ಉಂಟು, ಕಾಣುದಿಲ್ವಾ ನಿಮಗೆ?"

"ಕಾಣ್ತದೆ. ಮೊದಲು ಹಗ್ಗ ಸಡಿಲ ಮಾಡಿಸಿ."

ಹಿಂದಿನಿಂದ ಯಾರೋ, "ಘಟ್ಟದ ಮೇಲಿನವರಿಗೆ ನೀರಿನ ವಿಷಯ ಎಂತ ಗೊತ್ತುಂಟು ಮಾರಾಯ" ಎಂದದ್ದು ಕೇಳಿಸಿತು. ಇಷ್ಟು ವರ್ಷ ಇವರ ಬಾವಿಗಳಿಗೆ ಇಳಿದ ಮೇಲೂ ನಾನು ಘಟ್ಟದ ಮೇಲಿನವನೇ. ಬೇರೆ ದಿನವಾಗಿದ್ದರೆ ಉತ್ತರ ಕೊಡುತ್ತಿದ್ದೆ.

ಕೆಸರಿನಲ್ಲಿ ಸಿಕ್ಕಿದವರನ್ನು ಎಳೆಯಬಾರದು ಎಂಬುದಕ್ಕೆ ಕಾರಣ ಸರಳ. ಕಾಲನ್ನು ಮೇಲಕ್ಕೆ ಎಳೆದಾಗ ಪಾದದ ಕೆಳಗೆ ಖಾಲಿ ಜಾಗ ಹುಟ್ಟಬೇಕು. ಅಲ್ಲಿಗೆ ಗಾಳಿ ನುಗ್ಗಲು ದಾರಿಯಿಲ್ಲ, ಹಸಿ ಕೆಸರು ಸುತ್ತ ಮುಚ್ಚಿರುತ್ತದೆ. ಹಾಗಾಗಿ ಆ ಖಾಲಿಯೇ ಪಾದವನ್ನು ಕೆಳಕ್ಕೆ ಹೀರಿ ಹಿಡಿಯುತ್ತದೆ. ಸಕ್ಷನ್ ಎಂದು ನಾವು ಕರೆಯುವುದು ಇದನ್ನೇ. ಮೇಲಿನಿಂದ ಐವತ್ತು ಜನರ ಬಲ ಹಾಕಿದರೆ ಕೆಸರು ಬಿಡುವುದಿಲ್ಲ, ಬಿಡುವುದು ಮಂಡಿಯ ಕೀಲು, ಇಲ್ಲವೇ ಸೊಂಟದ ಕೀಲು. ಇವನ ಕಾಲಿನ ಮೇಲೆ ಮುನ್ನೂರು ಕಿಲೋದ ಗಾಡಿ ಬೇರೆ. ನಾವು ಬರುವ ಮೊದಲೇ ಇವರು ಎಳೆದಿದ್ದರು ಎಂಬುದು ಸಂತೋಷನ ಎದೆಯ ಮೇಲಿನ ಹಗ್ಗದ ಬರೆ ನೋಡಿದರೆ ತಿಳಿಯುತ್ತಿತ್ತು.

ನನ್ನ ಬಳಿ ಇದ್ದದ್ದು ನಾಲ್ಕು ಜನ. ಅವರಲ್ಲಿ ಅನುಭವಿ ಎಂದರೆ ಲೀಡಿಂಗ್ ಫೈರ್‌ಮನ್ ಮಾರ್ಟಿನ್ ಒಬ್ಬ. ಲಾರಿಯ ಏಣಿಗಳನ್ನು ಬಿಚ್ಚಿ ಕೆಸರಿನ ಮೇಲೆ ಮಲಗಿಸಿ, ಸಂತೋಷನ ಶೆಡ್ಡಿನಿಂದ ಪ್ಲೈವುಡ್ ಹಲಗೆಗಳನ್ನು ಕಿತ್ತು ಅವುಗಳ ಮೇಲೆ ಹಾಸಿದೆವು. ಭಾರ ಹರಡಿಕೊಂಡರೆ ಕೆಸರು ಹೊರುತ್ತದೆ. ಏಣಿ ಮುಗಿದಲ್ಲಿ ಬಲೆಯ ದೋಣಿಯ ಅಡ್ಡಹಲಗೆಗಳನ್ನು ತಂದು ಜೋಡಿಸಿದರು. ಹೊಟ್ಟೆಯ ಮೇಲೆ ತೆವಳಿಕೊಂಡು ನಾನು ಅವನ ಬಳಿ ಹೋದೆ. ನನ್ನ ವಯಸ್ಸಿಗೆ ಮಾಡಬಾರದ ಕೆಲಸ ಎಂದು ಮಾರ್ಟಿನ್ ಹಿಂದಿನಿಂದ ಗೊಣಗುತ್ತಿದ್ದ. ಆದರೆ ಎಳೆಯಬೇಡಿ ಎಂದವನು ನಾನು, ಮುಂದಿನದ್ದನ್ನು ಮಾಡಬೇಕಾದವನೂ ನಾನೇ.

ಹತ್ತಿರದಿಂದ ನೋಡಿದರೆ ಮೂವತ್ತು ದಾಟಿದ, ಗಟ್ಟಿ ಮೈಯ ಮನುಷ್ಯ. ತುಟಿ ಬಿಳಚಿಕೊಂಡಿತ್ತು. ಪ್ರಜ್ಞೆ ಸರಿಯಾಗಿತ್ತು.

"ಕಾಲಿನ ಬೆರಳು ಗೊತ್ತಾಗ್ತದಾ?" ಎಂದು ಕೇಳಿದೆ.

"ಬಲಗಾಲಿಂದು ಗೊತ್ತಾಗ್ತದೆ. ಎಡಗಾಲು ಎಲ್ಲಿ ಉಂಟು ಅಂತಲೇ ಗೊತ್ತಿಲ್ಲ ಸರ್." ಸ್ವಲ್ಪ ತಡೆದು, "ಮಾವನ ಹತ್ರ ಎಳೀಬೇಡಿ ಅಂತ ಹೇಳಿ. ನಾನು ಹೇಳಿದ್ರೆ ಅವರಿಗೆ ಅಲ್ಲಿಗೆ ಕೇಳುದಿಲ್ಲ" ಎಂದ.

"ಹೇಳಿದ್ದೇನೆ. ಈಗ ಈ ಹಗ್ಗ ಬಿಚ್ಚುತ್ತೇನೆ."

ಅವನು ತಟ್ಟನೆ ಎರಡೂ ಕೈಗಳಿಂದ ಹಗ್ಗ ಹಿಡಿದುಕೊಂಡ. "ಬೇಡ ಸರ್. ಬಿಚ್ಚಬೇಡಿ."

ಎಳೆಯುವುದೂ ಬೇಡ, ಬಿಚ್ಚುವುದೂ ಬೇಡ. ಅವನ ಮಾತಿನಲ್ಲಿ ತಪ್ಪೇನಿಲ್ಲ. ಆ ಬಯಲಿನಲ್ಲಿ ಅವನನ್ನು ಮನುಷ್ಯರ ಕಡೆಗೆ ಸೇರಿಸಿದ್ದು ಅದೊಂದೇ. ನನ್ನ ಸೊಂಟದ ಬೆಲ್ಟಿಗೆ ಸಣ್ಣ ಹಗ್ಗವೊಂದನ್ನು ಸಿಕ್ಕಿಸಿ ಅವನ ಕೈಗೆ ಕೊಟ್ಟು, "ಇದನ್ನು ಹಿಡ್ಕೋ. ನಾನು ಹೋದರೆ ನೀನೂ ಬರ್ತೀಯ, ನೀನು ಹೋದರೆ ನಾನೂ ಬರ್ತೇನೆ" ಎಂದೆ. ಹೇಳುವಾಗ ನನಗೇ ಸ್ವಲ್ಪ ಹೆದರಿಕೆಯಾಯಿತು. ಆದರೂ ಅವನು ಕೈ ಸಡಿಲಿಸಿದ. ಅವನ ಎದೆಯಿಂದ ಬಿಚ್ಚಿದ ದಪ್ಪ ಹಗ್ಗವನ್ನು ಮಗುಚಿದ ಬೈಕಿನ ಕಬ್ಬಿಣದ ಚೌಕಟ್ಟಿಗೆ, ಮೇಲಿದ್ದ ಬದಿಗೆ, ಭದ್ರವಾಗಿ ಕಟ್ಟಿದೆ.

ಇದನ್ನು ಕಂಡು ದಡದಲ್ಲಿ ಗಲಾಟೆ ಎದ್ದಿತು. ಮಾರ್ಟಿನ್‌ನನ್ನು ಸಂತೋಷನ ಬಳಿ ಬಿಟ್ಟು, ಆ ಸಣ್ಣ ಹಗ್ಗವನ್ನು ಮಾರ್ಟಿನ್‌ನ ಬೆಲ್ಟಿಗೆ ವರ್ಗಾಯಿಸಿ, ತೆವಳಿ ವಾಪಸ್ಸು ಬಂದೆ. ಶೀನಣ್ಣನವರ ಕಣ್ಣು ಕೆಂಪಾಗಿತ್ತು.

"ಜನ ಬಿಟ್ಟು ಗಾಡಿ ಎಳೆಯುದಾ ಸರ್ ನಾವು?"

"ಗಾಡಿ ಎಳೆಯುವುದೂ ಬೇಡ." ನಾನು ಮರಳಿನ ಮೇಲೆ ಕೂತುಬಿಟ್ಟೆ. "ಶೀನಣ್ಣ, ಗಾಡಿ ಅವನ ಕಡೆಗೆ ವಾಲಿದೆ. ನಾವು ಈಗ ಅವನ ಕಾಲಿನ ಸುತ್ತ ಕೆಸರಿಗೆ ನೀರು ಬಿಡ್ತೇವೆ. ಕೆಸರು ತೆಳು ಆಗ್ತದೆ. ಆಗ ಕಾಲು ಬರ್ತದೆ, ಆದರೆ ಗಾಡಿಯೂ ಇನ್ನಷ್ಟು ಕೆಳಗೆ ಹೋಗ್ತದೆ, ಅವನ ಮೇಲೆಯೇ. ಅದು ಹೋಗದ ಹಾಗೆ ಹಿಡಿಯಬೇಕು. ಎಳೆದರೆ ಅದು ಆಚೆ ಮಗುಚಿ ಅವನ ಕಾಲನ್ನು ತಿರುಚ್ತದೆ. ಬಿಟ್ಟರೆ ಅವನನ್ನು ಮುಳುಗಿಸ್ತದೆ. ನನ್ನ ಹತ್ತಿರ ನಾಲ್ಕು ಜನ. ನಾಲ್ಕು ಜನರಿಂದ ಆಗುವ ಕೆಲಸ ಅಲ್ಲ ಇದು."

ಅವರು ಹಗ್ಗ ನೋಡಿದರು. "ಎಷ್ಟು ಹೊತ್ತು?"

"ಗೊತ್ತಿಲ್ಲ."

"ನೀರು ಅವನ ಕುತ್ತಿಗೆಗೆ ಬಂದ್ರೆ?"

"ಬಂದರೂ ಎಳೆಯಬಾರದು."

ನನ್ನ ಸರ್ವೀಸಿನಲ್ಲಿ ಹೇಳಿದ ಮಾತುಗಳಲ್ಲೇ ಇದು ಅತ್ಯಂತ ಕಷ್ಟದ್ದು. ಒಬ್ಬ ಮಾವನಿಗೆ, ಅಳಿಯ ಮುಳುಗುತ್ತಿದ್ದರೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ಸುಮ್ಮನಿರಿ ಎಂದು ಹೇಳಿದ ಹಾಗೆ. ನನ್ನ ಲೆಕ್ಕ ತಪ್ಪಿದರೆ ಆ ಮನುಷ್ಯ ಜೀವನಪೂರ್ತಿ ನನ್ನನ್ನು ಶಪಿಸುತ್ತಾನೆ, ನಾನೂ ಶಪಿಸಿಕೊಳ್ಳುತ್ತೇನೆ. ಶೀನಣ್ಣ ಹಿಂದೆ ತಿರುಗಿ, ಸಾಲಿನತ್ತ, "ಪತ್ಲೆ! ಒಯ್ಪೊಡ್ಚಿ!" ಎಂದು ಕೂಗಿದರು. ಹಿಡಿಯಿರಿ, ಎಳೆಯಬೇಡಿ. ಆಮೇಲೆ ತಾವೇ ಸಾಲಿನ ಮೊದಲಿಗರಾಗಿ ಹಗ್ಗಕ್ಕೆ ಕೈ ಕೊಟ್ಟರು.

ಕೆಸರಿಗೆ ನೀರು ಬಿಡಲು ನಮ್ಮ ಬಳಿ ಒಂದು ಸಾಧನವಿತ್ತು. ಹಿಂದೊಮ್ಮೆ ಕಾರ್ಕಳದ ಕಡೆ ಕೆರೆಯ ಹೂಳಿನಲ್ಲಿ ಸಿಕ್ಕಿದ ಎಮ್ಮೆಯೊಂದನ್ನು ತೆಗೆಯಲು ಪಟ್ಟ ಪಾಡಿನ ಮೇಲೆ, ಅಂಬಲಪಾಡಿಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿಟ್ಟದ್ದು. ಆಳೆತ್ತರದ ತೆಳು ಜಿಐ ಪೈಪು, ತುದಿಯಲ್ಲಿ ಸುತ್ತ ಸಣ್ಣ ತೂತುಗಳು, ಇನ್ನೊಂದು ತುದಿಗೆ ನಮ್ಮ ಹೋಸ್ ಸಿಕ್ಕಿಸುವ ಜೋಡಣೆ. ಅದನ್ನು ಕಾಲಿನ ಪಕ್ಕದಲ್ಲಿ ಕೆಸರಿಗೆ ಇಳಿಸಿ ನೀರು ಬಿಟ್ಟರೆ ಪಾದದ ಕೆಳಗಿನ ಖಾಲಿಗೆ ನೀರು ನುಗ್ಗಿ ಸಕ್ಷನ್ ಒಡೆಯುತ್ತದೆ. ಠಾಣೆಯಲ್ಲಿ ಎಲ್ಲರೂ ಅದನ್ನು ಎಮ್ಮೆ ಪೈಪು ಎನ್ನುತ್ತಿದ್ದರು. ಮನುಷ್ಯರಿಗೆ ಅದನ್ನು ಎಂದೂ ಬಳಸಿರಲಿಲ್ಲ.

ಲಾರಿ ಮರಳಿಗೆ ಇಳಿಯುವಂತಿರಲಿಲ್ಲ. ಕೈಯಲ್ಲಿ ಹೊರುವ ಪೋರ್ಟಬಲ್ ಪಂಪನ್ನು ದಡಕ್ಕೆ ತಂದು ಹೊಳೆಯ ನೀರಿಗೇ ಅದರ ನೀರೆಳೆಯುವ ಪೈಪು ಬಿಟ್ಟೆವು. ಉಪ್ಪುನೀರು ಎಳೆದರೆ ಪಂಪು ತುಕ್ಕು ಹಿಡಿಯುತ್ತದೆ, ಮೇಲಿನವರು ಕಾರಣ ಕೇಳುತ್ತಾರೆ ಎಂದು ಡ್ರೈವರ್ ನೆನಪಿಸಿದ. ಕೇಳಲಿ ಎಂದೆ. ಅಷ್ಟರಲ್ಲಿ ಉಬ್ಬರದ ನೀರು ಕೆಸರಿನ ಬಿರುಕುಗಳಲ್ಲಿ ಹರಿದು ಬಂದು ಸಂತೋಷನ ಹೊಟ್ಟೆಯನ್ನು ಮುಟ್ಟಿತ್ತು.

ಮತ್ತೆ ತೆವಳಿ ಹೋದೆ. ಮಾರ್ಟಿನ್ ಒಂದು ಬದಿಗೆ, ನಾನು ಇನ್ನೊಂದು ಬದಿಗೆ. ಕೆನ್ನೆಯನ್ನು ಹಲಗೆಗೆ ಒತ್ತಿ, ತೋಳನ್ನು ಭುಜದವರೆಗೆ ಕೆಸರಿಗೆ ಇಳಿಸಿ, ಅವನ ಎಡತೊಡೆಯನ್ನು ಸವರುತ್ತ ಮಂಡಿ ಹುಡುಕಿದೆ. ಕಣ್ಣಿಗೆ ಏನೂ ಕಾಣದು, ಎಲ್ಲವೂ ಬೆರಳಿನ ಅಂದಾಜು. ಮಂಡಿ ಸಿಕ್ಕಾಗ ಅದು ಇರಬೇಕಾದ ಕಡೆ ಇರಲಿಲ್ಲ. ಮಾರ್ಟಿನ್ ನನ್ನ ಮುಖ ನೋಡಿದ. ನಾನು ಪೈಪಿಗೆ ಕೈ ಚಾಚಿದೆ. ಬಲಗಾಲಿನ ಸುತ್ತ ಪೈಪು ಇಳಿಸಿ ನೀರು ಬಿಟ್ಟಾಗ ಕೆಸರು ಕುದಿಯುವ ಅಂಬಲಿಯಂತೆ ಬುಳುಬುಳು ಎಂದಿತು. ಆ ಕಾಲು ಬೇಗನೇ ಸಡಿಲವಾಯಿತು. ಎಡಗಾಲಿಗೆ ಬರುವಾಗ ಬೈಕು ನರಳಿದಂತೆ ಸದ್ದು ಮಾಡಿ ಒಂದು ಗೇಣು ಕುಸಿಯಿತು. ಸಂತೋಷ ಕಿರುಚಿದ. ಹಗ್ಗ ಬಿಗಿಯಾಯಿತು, ಬೈಕು ಅಲ್ಲೇ ನಿಂತಿತು.

ಆ ಹೊತ್ತಿನಲ್ಲಿ ದಡದತ್ತ ಒಮ್ಮೆ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎಳೆಯುವ ಜನರನ್ನು ನಾನು ಸಾವಿರ ಸಲ ನೋಡಿದ್ದೇನೆ. ಎಳೆಯದೆ ಹಿಡಿದು ನಿಂತ ಜನರನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಹಿಮ್ಮಡಿ ಮರಳಿಗೆ ಊರಿ, ಕತ್ತಿನ ನರ ಉಬ್ಬಿಸಿ, ಎಲ್ಲರೂ ಕಲ್ಲಿನಂತೆ ನಿಂತಿದ್ದರು. ಸಂತೋಷನ ಕೂಗಿಗೆ ಸಾಲಿನ ನಡುವಿನ ಒಬ್ಬ ತಾಳಲಾರದೆ ಹಿಂದಕ್ಕೆ ಜಗ್ಗಿದ. ಶೀನಣ್ಣ ಹಗ್ಗ ಬಿಡದೆಯೇ ತಿರುಗಿ ಅವನಿಗೆ ಬೈದದ್ದು ನಮ್ಮವರೆಗೂ ಕೇಳಿಸಿತು. ಆ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ನೀರು ಎದೆಗೆ ಬಂತು. ಆಮೇಲೆ ಭುಜಕ್ಕೆ. ಮಾರ್ಟಿನ್ ಅವನ ತಲೆಯನ್ನು ತನ್ನ ತೋಳಿನ ಮೇಲಿಟ್ಟುಕೊಂಡು ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದ. ಪ್ರಾರ್ಥನೆಯ ನಡುವೆ ನನಗೆ ಪೈಪು ಎಡಕ್ಕೆ, ಬಲಕ್ಕೆ ಎಂದು ಹೇಳುವುದನ್ನೂ ಬಿಡಲಿಲ್ಲ. ಕೊನೆಗೆ ಕಾಲನ್ನು ಹಿಡಿದಿದ್ದದ್ದು ಗಾಡಿಯಲ್ಲ, ಗಂಬೂಟು ಎಂದು ತಿಳಿಯಿತು. ಮಂಡಿಯ ಕೆಳಗಿನವರೆಗಿನ ರಬ್ಬರ್ ಬೂಟು, ಒಳಗೆಲ್ಲ ಕೆಸರು ತುಂಬಿ ಸಿಮೆಂಟಿನಂತೆ ಕೂತಿತ್ತು. ಬೂಟನ್ನು ಬಿಟ್ಟು ಕಾಲು ಬರಬೇಕು. ಚಾಕು ಹಿಡಿದು ಕೆಸರಿನೊಳಗೆ ಕುರುಡಾಗಿ ಬೂಟನ್ನು ಮೇಲಿನಿಂದ ಸೀಳಿದೆ. ಎರಡು ಕಡೆ ಅವನ ಚರ್ಮವೂ ಸೀಳಿತೆಂದು ಆಮೇಲೆ ಗೊತ್ತಾಯಿತು. ಅವನಿಗೆ ನೋವು ತಿಳಿಯಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಸೀಳಿನೊಳಗೆ ಪೈಪಿನ ತುದಿ ಇಟ್ಟು ನೀರು ಬಿಟ್ಟೆ. ಪಾದ ಮೀನಿನಂತೆ ಜಾರಿ ನನ್ನ ಅಂಗೈಗೆ ಬಂತು.

ಯಾರೂ ಅವನನ್ನು ಎಳೆಯಬೇಕಾಗಲಿಲ್ಲ. ಏರಿದ ನೀರೇ ಅವನನ್ನು ಅರ್ಧ ತೇಲಿಸಿತು. ಪ್ಲೈವುಡ್ ಮೇಲೆ ಬೆನ್ನಡಿಯಾಗಿ ಮಲಗಿಸಿ, ಕಾಲಿಗೆ ದೋಣಿಯ ಹಲಗೆಯ ತುಂಡು ಕಟ್ಟಿ, ಏಣಿಯ ಮೇಲೆ ಮೆಲ್ಲ ಮೆಲ್ಲ ಜಾರಿಸಿ ದಡಕ್ಕೆ ತಂದೆವು. ಆಂಬುಲೆನ್ಸ್ ಕಾದಿತ್ತು, ಮಣಿಪಾಲಕ್ಕೆ ಹೊರಟಿತು. ಅದು ಹೋಗಿ ನಾನು ಮುಖ ತೊಳೆದು ತಿರುಗಿ ನೋಡಿದರೆ ಐವತ್ತು ಜನ ಇನ್ನೂ ಹಗ್ಗ ಹಿಡಿದು ನಿಂತೇ ಇದ್ದರು. ಬಿಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕೈ ಬೀಸಿದಾಗ ಎಲ್ಲರೂ ಇದ್ದಲ್ಲೇ ಕುಸಿದು ಕೂತರು. ಎರಡು ಬೈಕುಗಳು ನೀರಿನಡಿಗೆ ಹೋದವು. ಅವುಗಳನ್ನು ಮರುದಿನದ ಇಳಿತದಲ್ಲಿ ತೆಗೆದರೆಂದು ಕೇಳಿದೆ, ನೋಡಲು ಹೋಗಲಿಲ್ಲ. ಮರುದಿನ ನಮಗೆ ಮಣಿಪಾಲದ ಗುಡ್ಡದಲ್ಲಿ ಬೆಂಕಿಯಿತ್ತು.

ವರದಿಗೆ ಗಾಯದ ವಿವರ ಬೇಕಿತ್ತು. ಕೆಲವು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಸಂತೋಷನ ಕಾಲು ಉಳಿದಿತ್ತು. ಅದರಲ್ಲಿ ರಕ್ತ ಓಡಾಡುತ್ತಿತ್ತು. ಆದರೆ ಪಾದವನ್ನು ಮೇಲಕ್ಕೆತ್ತಲು ಅವನಿಗೆ ಆಗುತ್ತಿರಲಿಲ್ಲ. ಮಂಡಿಯ ಲಿಗಮೆಂಟುಗಳು ಹರಿದಿವೆ, ಪಕ್ಕದ ನರ ಹಿಗ್ಗಿಹೋಗಿದೆ, ಮುಂದೆ ಎಷ್ಟು ಸರಿಹೋಗುತ್ತದೆಂದು ಈಗ ಹೇಳಲಾಗದು ಎಂದರು ಡಾಕ್ಟರಮ್ಮ. ಗಾಡಿ ಬಿದ್ದು ಹೀಗಾಯಿತೇ ಎಂದು ಕೇಳಿದೆ. "ಗಾಡಿ ಬಿದ್ದ ಏಟು ಬೇರೆ, ಅದು ತೊಡೆಯ ಮೇಲಿದೆ. ಮಂಡಿಯದ್ದು ಎಳೆತದ ಗಾಯ" ಎಂದರು. ಅವರು ನಿರ್ಲಿಪ್ತವಾಗಿ ಹೇಳಿದರು. ಅವರ ಕೆಲಸ ಹಾಗೆ.

ಕೆಳಗೆ ಕ್ಯಾಂಟೀನಿನಲ್ಲಿ ಚಹಾಕ್ಕೆ ಕೂತಾಗ ಶೀನಣ್ಣ ಬಂದು ಎದುರು ಕೂತರು. ಬಿಳಿ ಪಂಚೆ, ಇಸ್ತ್ರಿ ಹಾಕಿದ ಶರ್ಟು. ಆಸ್ಪತ್ರೆಗೆಂದು ಉಟ್ಟುಕೊಂಡು ಬಂದದ್ದು. ಮುಖ ಮಾತ್ರ ನಾಲ್ಕಾರು ದಿನ ನಿದ್ದೆ ಕಾಣದ್ದು. ಅಂಗೈಗಳಲ್ಲಿ ಹಗ್ಗದ ಗಾಯಕ್ಕೆ ಅರಸಿನ ಹಚ್ಚಿದ್ದರು. ಇಡ್ಲಿ ತರಿಸಿದರು, ಮುಟ್ಟಲಿಲ್ಲ.

"ಸರ್, ಒಂದು ಕೇಳ್ತೇನೆ. ಸತ್ಯ ಹೇಳ್ಬೇಕು." ದನಿ ತಗ್ಗಿಸಿದರು. "ಅವನ ಕಾಲು ನಾವು ಎಳೆದದ್ದರಿಂದ ಹೋದದ್ದಾ?"

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿರುತ್ತದೆ. ನೀವು ನಿಮ್ಮ ಕೈಲಾದದ್ದು ಮಾಡಿದಿರಿ, ಹಣೆಯಲ್ಲಿದ್ದದ್ದು ಆಯಿತು, 'ಎಲ್ಲ ದೇವರ ಇಚ್ಛೆ' ಎಂದು ಭುಜ ತಟ್ಟಿ ಏಳುವುದು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೆ. ಅಂದು ಏಳದೆ ಅಲ್ಲೇ ಕೂತೆ.

"ಮನೆಯಲ್ಲಿ ಎಲ್ಲರೂ ಅಲ್ಲ ಅಲ್ಲ ಅಂತಾರೆ" ಎಂದರು ಅವರೇ. "ಸಂತೋಷನೂ ಗಾಡಿ ಬಿದ್ದದ್ದರಿಂದ ಅಂತ ಹೇಳ್ತಾನೆ. ಅವ ನನ್ನ ಮುಖ ನೋಡಿ ಹೇಳುದಿಲ್ಲ."

"ಹೌದು ಶೀನಣ್ಣ" ಎಂದೆ. "ಎಳೆದದ್ದರಿಂದ. ಆದರೆ ಆಮೇಲೆ ನೀವು ಹಿಡಿದು ನಿಲ್ಲದೆ ಹೋಗಿದ್ದರೆ ಅವನೇ ಇರುತ್ತಿರಲಿಲ್ಲ. ಅದೂ ಸತ್ಯ."

ಎರಡನೆಯ ಮಾತು ಅವರಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ. ತಟ್ಟೆಯ ಅಂಚನ್ನು ಹಿಡಿದುಕೊಂಡರು. ಪಕ್ಕದ ಮೇಜಿನ ನರ್ಸಿಂಗ್ ಹುಡುಗಿಯರು ನಗುತ್ತಿದ್ದರು.

"ನೀವು ಬರುವ ಮೊದಲು ನಾವು ಎರಡು ಸಲ ಎಳೆದದ್ದು" ಎಂದರು. "ಮೊದಲನೇ ಐಸಾಕ್ಕೆ ಅವ ಕೂಗಿದ. ನಾನು ಕೇಳಿದ್ದೇನೆ. ಹೆದರಿಕೆಗೆ ಕೂಗಿದ್ದು ಅಂತ ನಾನು ಗ್ರಹಿಸಿದ್ದು. ಸಣ್ಣ ಇರುವಾಗ ನೀರಿಗೆ ಇಳಿಸಿದ್ರೂ ಹಾಗೇ ಕೂಗ್ತಿದ್ದ. ಹಾಗಾಗಿ ಮತ್ತೊಂದು ಐಸಾ ಹೇಳಿದೆ." ತಲೆ ಎತ್ತಿದರು. "ಯಾವುದಕ್ಕೆ ಹೋದದ್ದು ಸರ್? ಮೊದಲಿನದ್ದಕ್ಕಾ, ಎರಡನೆಯದಕ್ಕಾ?"

ಆಗ ನನಗೆ ಅರ್ಥವಾಯಿತು. ಮೊದಲನೆಯದಕ್ಕಾದರೆ ಅವರು ಗೊತ್ತಿಲ್ಲದೆ ಮಾಡಿದ್ದು. ಎರಡನೆಯದಕ್ಕಾದರೆ ಅಳಿಯನ ಕೂಗು ಕೇಳಿಯೂ ಮಾಡಿದ್ದು. ಎಷ್ಟು ದಿನದಿಂದ ಈ ಮನುಷ್ಯ ಈ ಎರಡರ ನಡುವೆ ಸಿಕ್ಕಿಕೊಂಡಿದ್ದಾರೋ.

"ಮೊದಲಿನದ್ದಕ್ಕೆ" ಎಂದೆ.

"ಖಂಡಿತವಾ?"

"ಡಾಕ್ಟರನ್ನು ಕೇಳಿ ಬಂದಿದ್ದೇನೆ. ಮೊದಲ ಎಳೆತಕ್ಕೇ ಹೋಗಿತ್ತು. ಎರಡನೆಯದು ಎಳೆಯದಿದ್ದರೂ ಕಾಲು ಇಷ್ಟೇ ಇರ್ತಿತ್ತು."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಅಂಗೈಯ ಅರಸಿನ ತಟ್ಟೆಗೆ ಹತ್ತಿದ್ದನ್ನು ಬೆರಳಿನಿಂದ ಒರೆಸಿದರು. ಆಮೇಲೆ ಇಡ್ಲಿಯನ್ನು ಸಾಂಬಾರಿಗೆ ಅದ್ದಿ ತಿನ್ನತೊಡಗಿದರು, ಹಸಿದ ಮಗುವಿನಂತೆ, ತಲೆ ಎತ್ತದೆ. ನಾನು ಅವರು ತಿಂದು ಮುಗಿಸುವವರೆಗೆ ಕೂತಿದ್ದೆ. "ಮೇಲೆ ಹೋಗ್ತೇನೆ ಸರ್. ಅವನಿಗೆ ಊಟದ ಹೊತ್ತಾಯ್ತು" ಎಂದು ಎದ್ದರು.

ಡಾಕ್ಟರನ್ನು ನಾನು ಅದನ್ನು ಕೇಳಿರಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಾಗುವಂತಿರಲಿಲ್ಲ. ಕೆಸರಿನ ಅಡಿಯಲ್ಲಿ ಯಾವ ಕ್ಷಣದಲ್ಲಿ ಯಾವ ನರ ಹಿಗ್ಗಿತೆಂದು ಹೇಳುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಸಿಕ್ಕಿಕೊಂಡವನನ್ನು ಹೊರಗೆ ತಂದರೆ ನಮ್ಮ ಕೆಲಸ ಮುಗಿಯಿತು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನೂ ಅದನ್ನೇ ನಂಬಿಕೊಂಡು ಸರ್ವೀಸು ಕಳೆದಿದ್ದೆ. ಹಗ್ಗ ಎಳೆದ ಮನುಷ್ಯನೂ ಆ ಕೆಲಸದೊಳಗೇ ಬರುತ್ತಾನೆ ಎಂಬುದು ಪೆನ್ಶನ್ ಕಾಗದಗಳಿಗೆ ಸಹಿ ಹಾಕುವ ಹೊತ್ತಿಗೆ ತಿಳಿಯಿತು. ಅಂದು ಠಾಣೆಗೆ ಹೋಗಿ, ಹೊಗೆಯ ವಾಸನೆಯ ಯೂನಿಫಾರ್ಮಿನಲ್ಲೇ ಕೂತು ವರದಿ ಬರೆದೆ. ಅದರಲ್ಲಿ ನನಗೆ ಗೊತ್ತಿದ್ದಷ್ಟನ್ನು ಮಾತ್ರ ಬರೆದೆ. ಶೀನಣ್ಣನವರಿಗೆ ನನಗೇ ಗೊತ್ತಿಲ್ಲದ್ದನ್ನು ಹೇಳಿ ಬಂದಿದ್ದೆ. ಎರಡನ್ನೂ ನನ್ನ ಕೆಲಸವೆಂದೇ ಮಾಡಿದೆ.